ಡ್ರೈಯರ್ ಮುನಿಸಿಕೊಂಡ ಮಧ್ಯಾಹ್ನ

ಇವತ್ತು ಬೆಳಿಗ್ಗೆ ಹಳೆಯ ಪ್ಯಾಂಟೊಂದನ್ನು ಒಗೆಯಲು ಹಾಕುವ ಮುಂಚೆ ಜೇಬಿಗೆ ಕೈಹಾಕಿದರೆ ಒಂದು ಸ್ಕ್ರೂ ಸಿಕ್ಕಿತು. ಅರ್ಧ ಇಂಚಿನದು, ತಲೆ ಸವೆದದ್ದು. ಅದು ಎಲ್ಲಿಯದು ಎಂದು ನನಗೆ ಗೊತ್ತು. ನನ್ನ ಹೆಂಡತಿ ವಸುಧಾಗೆ ಗೊತ್ತಿಲ್ಲ. ನೀವು ನಮ್ಮ ಮನೆಗೆ ಬಂದುಹೋಗಿ ಮಾಡುವವರಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಕಾಫಿ ಕುಡಿಯುತ್ತಾ ಬಾಯಿತಪ್ಪಿಯೂ ಅವಳೆದುರು ಈ ಸ್ಕ್ರೂವಿನ ಸುದ್ದಿ ಎತ್ತಬೇಡಿ.

ಅದು ನಮ್ಮ ಡ್ರೈಯರಿನದು. ಗೋಪಾಳ ಬಡಾವಣೆಯ ನಮ್ಮ ಮನೆಯ ಕೆಳಭಾಗದಲ್ಲಿ ವಸುಧಾ ನಾಲ್ಕು ವರ್ಷದಿಂದ ಒಂದು ಲಾಂಡ್ರಿ ನಡೆಸುತ್ತಿದ್ದಾಳೆ. ಒಗೆಯುವ ಯಂತ್ರ ಎರಡು, ಇಸ್ತ್ರಿ ಮೇಜು ಒಂದು, ಮೂಲೆಯಲ್ಲಿ ನನ್ನಷ್ಟೇ ಎತ್ತರದ ಗ್ಯಾಸ್ ಡ್ರೈಯರ್. ಯಾವುದೋ ಮುಚ್ಚಿದ ಹೋಟೆಲಿನಿಂದ ಸೆಕೆಂಡ್ ಹ್ಯಾಂಡಾಗಿ ಬಂದದ್ದು. ಅದರೊಳಗೆ ಒಂದು ಬರ್ನರ್ ಇದೆ, ನಮ್ಮ ಅಡುಗೆಮನೆ ಒಲೆಯ ದಾಯಾದಿ ಎನ್ನಿ. ಅದು ಹತ್ತಿಕೊಳ್ಳುತ್ತದೆ, ಫ್ಯಾನು ಬಿಸಿಗಾಳಿಯನ್ನು ತಿರುಗುವ ಡ್ರಮ್ಮಿಗೆ ನೂಕುತ್ತದೆ, ಹೊರಗೆ ಎಷ್ಟೇ ಮಳೆ ಹೊಡೆಯುತ್ತಿದ್ದರೂ ನಲವತ್ತು ನಿಮಿಷದಲ್ಲಿ ಬಟ್ಟೆ ಗರಿಗರಿ. ಮಳೆಗಾಲದ ಮೂರು ತಿಂಗಳು ಇಡೀ ಬಡಾವಣೆಯ ಒಳಉಡುಪಿನ ಮಾನ ಈ ಯಂತ್ರದ ಕೈಯಲ್ಲಿದೆ.

ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಶಾಖದ ಪಾಠವನ್ನು ಪುಸ್ತಕ ಮುಚ್ಚಿಟ್ಟು ಮಾಡುತ್ತಿದ್ದೆ. ಈಗ ಮಧ್ಯಾಹ್ನದ ಊಟದವರೆಗೆ ಗಲ್ಲಾದ ಹಿಂದೆ ಕೂತು ಚೀಟಿ ಬರೆಯುತ್ತೇನೆ. ಹಳೆಯ ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಲಾಂಡ್ರಿ ಮೇಷ್ಟ್ರು’ ಅನ್ನುತ್ತಾರಂತೆ. ಎದುರಿಗೆ ಅನ್ನುವುದಿಲ್ಲ, ಅಷ್ಟು ಸಂಸ್ಕಾರ ಕಲಿಸಿದ್ದೇನೆ. ಯಂತ್ರಗಳನ್ನು ಮುಟ್ಟುವ ಅಧಿಕಾರ ಮಾತ್ರ ವಸುಧಾ ನನಗೆ ಕೊಟ್ಟಿರಲಿಲ್ಲ. ಒಮ್ಮೆ ನಾನು ಮಿಕ್ಸಿ ರಿಪೇರಿ ಮಾಡಿದ್ದನ್ನು ಅವಳು ನೋಡಿದ್ದಾಳೆ.

ಕಳೆದ ಆಗಸ್ಟಿನಲ್ಲಿ ಆ ಅಧಿಕಾರ ತಾನಾಗಿ ಒದಗಿಬಂತು. ಭದ್ರಾವತಿಯಲ್ಲಿರುವ ಅವಳ ಅಕ್ಕನಿಗೆ ಕಣ್ಣಿನ ಪೊರೆ ಆಪರೇಷನ್. ವಸುಧಾ ಮೂರು ದಿನದ ಮಟ್ಟಿಗೆ ಹೊರಟಳು. ಇಸ್ತ್ರಿಯ ಗಂಗಮ್ಮನೂ ಅದೇ ವಾರ ತವರಿಗೆ ಹೋಗಿದ್ದಳು. ಸಂಜೆ ಬಸ್ಸಿಗೆ ಹೋಗುವ ಮುನ್ನ ವಸುಧಾ ನನಗೆ ಹೇಳಿದ್ದು ಒಂದೇ ಮಾತು, ಮೂರು ಸಲ.

“ಮಲ್ಲೇಶಪ್ಪೋರ ಚೀಲ ಅವರೆದುರಿಗೆ ಬಿಚ್ಚಬೇಡಿ. ಅವರ ಬಟ್ಟೆ ಸರಿಯಾಗಿ ನಾಲ್ಕೂವರೆಗೆ ಡ್ರೈಯರಿಂದ ಈಚೆಗೆ ಬರ್ಬೇಕು. ಮುಂಚೇನೂ ಬೇಡ, ಆಮೇಲೂ ಬೇಡ. ಮಡಚಿ ಜೋಡಿಸಿ ಚಂದ ಮಾಡಕ್ಕೆ ಹೋಗ್ಬೇಡಿ. ಹಾಗೇ ಸುತ್ತಿ ಕೊಟ್ಬಿಡಿ.”

“ಮಡಚದೆ ಕೊಟ್ರೆ ಅದೇನು ಲಾಂಡ್ರಿ ಮಾರಾಯ್ತಿ?”

“ಹೇಳಿದಷ್ಟು ಮಾಡಿ,” ಎಂದು ಬಸ್ಸು ಹತ್ತಿದಳು.

ಮಲ್ಲೇಶಪ್ಪನವರು ಮೂರು ಕ್ರಾಸ್ ಆಚೆಯವರು. ಎಪ್ಪತ್ತು ದಾಟಿದೆ. ಅವರ ಹೆಂಡತಿ ಗಿರಿಜಮ್ಮ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾರೆಂದು ಬಡಾವಣೆಗೆಲ್ಲ ಗೊತ್ತು. ದಿನಾ ಬೆಳಿಗ್ಗೆ ಅವರು ಒಂದು ನೀಲಿ ಚೀಲ ತರುತ್ತಾರೆ. ಬಾಯಿಗೆ ಎರಡೆರಡು ಗಂಟು. ಒಳಗಿರುವುದು ಹಾಸಿಗೆಯ ಬಟ್ಟೆ, ಅದನ್ನು ಬೇರೆಯವರ ಕೈಗೆ ಕೊಡುವಾಗ ಆ ಮನುಷ್ಯನ ಮುಖ ನೋಡಲಾಗುವುದಿಲ್ಲ. ಅದಕ್ಕೇ ವಸುಧಾ ಚೀಲವನ್ನು ತೆಗೆದುಕೊಂಡು, “ಮಳೆ ಜೋರು ಅಲ್ವಾ” ಅನ್ನುತ್ತಾ ಒಳಗೆ ಇಟ್ಟುಬಿಡುತ್ತಾಳೆ. ಮಳೆಯಿಲ್ಲದ ದಿನ “ಬಿಸಿಲು ಜೋರು.”

ಮಾರನೇ ದಿನ ನಾನೂ “ಮಳೆ ಜೋರು ಅಲ್ವಾ” ಅಂದೆ. ಅಲ್ಲಿಯ ತನಕ ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಕರೆಂಟ್ ಹೋಯಿತು. ಬಂದದ್ದು ಎರಡು ಗಂಟೆಗೆ. ಒಗೆದು ಮುಗಿಯುವಾಗ ಮೂರೂಕಾಲು. ಮಲ್ಲೇಶಪ್ಪನವರ ಬಟ್ಟೆಯನ್ನು ಡ್ರೈಯರಿಗೆ ತುಂಬಿ ಗುಂಡಿ ಒತ್ತಿದೆ. ಡ್ರಮ್ಮು ಗಡಗಡ ತಿರುಗಿತು. ನಾನು ಹೆಮ್ಮೆಯಿಂದ ಪೇಪರ್ ಬಿಡಿಸಿ ಕೂತೆ. ಇಪ್ಪತ್ತು ನಿಮಿಷ ಬಿಟ್ಟು ಬಾಗಿಲು ತೆಗೆದು ಕೈಹಾಕಿದರೆ ಒಳಗೆ ಬಾವಿಕಟ್ಟೆಯ ತಂಪು. ಡ್ರಮ್ಮು ತಿರುಗುತ್ತಿದೆ, ಗಾಳಿ ಬೀಸುತ್ತಿದೆ, ಬಿಸಿ ಮಾತ್ರ ಇಲ್ಲ.

ನನಗೆ, ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯಾಯಿತು. ಮೂವತ್ತೆರಡು ವರ್ಷದ ಪಾಠಕ್ಕೆ ಕೊನೆಗೂ ಒಂದು ಪ್ರಯೋಗ. ಮೊದಲು ಬಟ್ಟೆಯ ಧೂಳು ಹಿಡಿಯುವ ಜಾಲರಿ ಎಳೆದೆ. ಒಂದು ಸಣ್ಣ ದಿಂಬಿಗಾಗುವಷ್ಟು ಹತ್ತಿ ಬಂತು. ಇದೇ ಕಾರಣ ಎಂದು ತೀರ್ಮಾನಿಸಿ ಯಂತ್ರ ಹಾಕಿದೆ. ತಣ್ಣಗೇ ಇತ್ತು. ಆಮೇಲೆ ಬಿಸಿಗಾಳಿ ಹೊರಹೋಗುವ ಕೊಳವೆಗೆ ಪೊರಕೆ ಕಡ್ಡಿ ತೂರಿಸಿದೆ. ಯಾವುದೋ ಹಕ್ಕಿ ಗೂಡಿಗೆ ಅಡಿಪಾಯ ಹಾಕಿತ್ತು. ಅದನ್ನು ತೆಗೆದು ಹಕ್ಕಿಯ ಕ್ಷಮೆ ಕೇಳಿ ಯಂತ್ರ ಹಾಕಿದೆ. ತಣ್ಣಗೇ ಇತ್ತು. ಕೊನೆಗೆ ಸ್ಕ್ರೂಡ್ರೈವರ್ ತಂದು ಮುಂದಿನ ತಗಡು ಬಿಚ್ಚಿದೆ. ಒಳಗೆ ಬರ್ನರಿನ ಪಕ್ಕ ಒಂದು ಪುಟ್ಟ ಗಾಜಿನ ಕಿಂಡಿ. ಗುಂಡಿ ಒತ್ತಿದರೆ ಕಿಂಡಿಯಲ್ಲಿ ಬೆಂಕಿ ಹೊತ್ತಿಸುವ ಕಡ್ಡಿ ಕೆಂಡದಂತೆ ಕೆಂಪಗಾಗುತ್ತದೆ, ‘ಟಕ್’ ಎಂದು ಸದ್ದಾಗುತ್ತದೆ, ಆಮೇಲೆ ಏನೂ ಇಲ್ಲ. ಮತ್ತೆ ಕೆಂಪಗಾಗುತ್ತದೆ, ಟಕ್, ಏನೂ ಇಲ್ಲ. ಮೂರನೇ ಸಲಕ್ಕೆ ಒಂದು ಕೆಂಪು ದೀಪ ಹತ್ತಿ ಯಂತ್ರ ಮುನಿಸಿಕೊಂಡು ಕೂತಿತು.

ಮೆಕ್ಯಾನಿಕ್ ಸಲೀಂಗೆ ಫೋನ್ ಮಾಡಿದೆ. ಅವನು ತೀರ್ಥಹಳ್ಳಿಯಲ್ಲಿದ್ದ.

“ಮೊದ್ಲು ಸಿಲಿಂಡರ್ ನೋಡಿದ್ರಾ ಸಾರ್?”

“ಅದೆಲ್ಲ ನೋಡಿಯೇ ನಿನಗೆ ಮಾಡಿದ್ದು ಮಾರಾಯ.”

“ಹಂಗಾದ್ರೆ ಗ್ಯಾಸ್ ವಾಲ್ವಿನ ಕಾಯಿಲ್ ಹೋಗಿರ್ಬೋದು ಸಾರ್. ನಾಳೆ ಬಂದು ನೋಡ್ತೀನಿ.”

ಸಿಲಿಂಡರ್ ನೋಡಿದ್ದೆನೇ? ಆಗ ನೋಡಿರಲಿಲ್ಲ. ಫೋನ್ ಇಟ್ಟ ಮೇಲೆ ಹಿತ್ತಲಿಗೆ ಹೋಗಿ ಜಾಲರಿ ಗೂಡಿನಲ್ಲಿದ್ದ ಸಿಲಿಂಡರನ್ನು ಎರಡೂ ಕೈಯಲ್ಲಿ ತಬ್ಬಿ ಅಲ್ಲಾಡಿಸಿದೆ. ಭಾರವಿತ್ತು. ನಮ್ಮಲ್ಲಿ ಸಿಲಿಂಡರ್ ಪರೀಕ್ಷೆ ಎಂದರೆ ಅಷ್ಟೇ ತಾನೆ? ಅಲ್ಲಾಡಿಸುವುದು, ಭಾರವಿದ್ದರೆ ಇದೆ, ಹಗುರವಿದ್ದರೆ ಇಲ್ಲ. ಗ್ಯಾಸ್ ಇದೆ ಎಂದು ತೀರ್ಪು ಕೊಟ್ಟು, ಕಾಯಿಲ್ ಹೋಗಿದೆ ಎಂದು ನಂಬಿ, ಒಳಗೆ ಬಂದೆ.

ಬಂದರೆ ಬೆಂಚಿನ ಮೇಲೆ ಮಲ್ಲೇಶಪ್ಪನವರು ಕೂತಿದ್ದರು. ನಾಲ್ಕೂಕಾಲು.

“ಇವತ್ತು ತಡ ಆಗುತ್ತೆ ಮಲ್ಲೇಶಪ್ಪೋರೆ. ಡ್ರೈಯರ್ ಬಿಸಿ ಆಗ್ತಾ ಇಲ್ಲ.”

ಅವರ ಮುಖ ಇಳಿದುಹೋಯಿತು. ನನಗೊಂದು ಆಸೆ ಚಿಗುರಿತು. “ನೀವು ಭದ್ರಾವತಿ ಕಾರ್ಖಾನೆಯಲ್ಲಿದ್ದೋರು. ಕುಲುಮೆ, ಗ್ಯಾಸು ಎಲ್ಲ ಗೊತ್ತಿರುತ್ತೆ. ಒಂಚೂರು ನೋಡ್ತೀರಾ?”

“ನಾನು ಟೈಮ್ ಆಫೀಸಲ್ಲಿದ್ದೆ ಮಾರಾಯ್ರೆ. ಮೂವತ್ತು ವರ್ಷ ಬೇರೆಯೋರ ಹಾಜರಿ ಬರ್ದಿದೀನಿ. ಬೆಂಕಿ ದೂರದಿಂದ ನೋಡಿದ್ದು.”

ಇಬ್ಬರು ಪಂಡಿತರೂ ಸ್ವಲ್ಪ ಹೊತ್ತು ಯಂತ್ರದ ಮುಂದೆ ನಿಂತೆವು. ನನಗೆ ಒಂದು ಉಪಾಯ ಹೊಳೆಯಿತು. ನಮ್ಮ ಮನೆಯ ಬೀರುವಿನಲ್ಲಿ ಒಗೆದು ಇಸ್ತ್ರಿ ಮಾಡಿಟ್ಟ ಹಾಸುಬಟ್ಟೆಗಳಿದ್ದವು. ಎರಡು ತೆಗೆದುಕೊಂಡು ಹೋಗಿ ಎಂದೆ. ಅವರು ತಲೆಯಾಡಿಸಿದರು.

“ಒಣಗಿದ್ದು ನಮ್ಮನೇಲೂ ಒಂದಿದೆ ಮೇಷ್ಟ್ರೆ. ಒಣಗಿದ್ದಲ್ಲ ಬೇಕಾಗಿರೋದು. ಬಿಸಿ ಇರೋದು.”

ನಾನು ಅರ್ಥವಾಗದೆ ನೋಡಿದೆ. ಅವರು ಬೆಂಚಿನ ಮೇಲೆ ಕೂತು, ನೆಲ ನೋಡುತ್ತಾ ಹೇಳಿದರು.

“ಅವಳಿಗೆ ಎಡಗಡೆ ಪೂರ್ತಿ ಸ್ವಾಧೀನ ಇಲ್ಲ. ಮಾತು ಇಡೀ ದಿನಕ್ಕೆ ಒಂದೋ ಎರಡೋ. ಆಸ್ಪತ್ರೆಯಿಂದ ಬಂದ್ಮೇಲೆ ಮುಖದ ಮೇಲೆ ಏನೂ ಇರ್ಲಿಲ್ಲ. ಗೋಡೆ ನೋಡ್ತಿದ್ಲು. ಮೇಡಂ ಹತ್ರ ಬಟ್ಟೆ ಕೊಟ್ಟ ಮೊದಲನೇ ದಿನ, ಬಿಸಿ ಆರಿರ್ಲಿಲ್ಲ, ಹಂಗೇ ತಗೊಂಡೋಗಿ ಹಾಸ್ದೆ. ಬಲಗೈ ಆಡ್ಸಿ ಆಡ್ಸಿ ನೋಡಿದ್ಲು. ನಕ್ಕಳು ಮಾರಾಯ್ರೆ. ಆವತ್ತಿಂದ ದಿನಾ ಅದೊಂದು ಸಲ. ಆರಿದ್ದು ಹಾಸಿದ್ರೆ ಇಲ್ಲ. ಅದಕ್ಕೇ ನಾಲ್ಕೂವರೆಗೆ ಬಂದು, ಹೊಟ್ಟೆ ಹತ್ರ ಅವುಚಿಕೊಂಡು ಓಡ್ತೀನಿ. ಪಕ್ಕದ ಮನೆಯೋರು ಅಷ್ಟೊತ್ತು ಕೂತಿರ್ತಾರೆ. ಇಲ್ಲಿಗೆ ಆರು ತಿಂಗಳು, ಒಂದು ದಿನ ತಪ್ಪಿಸಿಲ್ಲ. ತಪ್ಪಿದ್ರೆ ಮತ್ತೆ ಗೋಡೆ ನೋಡಕ್ಕೆ ಶುರು ಮಾಡ್ತಾಳೇನೋ ಅಂತ ಹೆದರಿಕೆ.”

ವಸುಧಾ ಮಡಚಬೇಡಿ ಎಂದದ್ದು ಏಕೆಂದು ಆಗ ತಿಳಿಯಿತು. ಮಡಚುವಷ್ಟು ಹೊತ್ತಿಗೆ ಬಿಸಿ ಹೋಗುತ್ತದೆ. ಅಲ್ಲಿಯವರೆಗೆ ನನ್ನ ಪಾಂಡಿತ್ಯದ ಪ್ರಶ್ನೆಯಾಗಿದ್ದ ಡ್ರೈಯರ್ ಈಗ ಬೇರೆಯೇ ಆಗಿ ಕಾಣಿಸಿತು. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಇಸ್ತ್ರಿ ಪೆಟ್ಟಿಗೆ ಹಚ್ಚಿ ಒದ್ದೆ ಹಾಸಿನ ಮೇಲೆ ಎಳೆದೆ. ಹಬೆ ಎದ್ದಿತೇ ಹೊರತು ಬಿಸಿ ನಿಲ್ಲಲಿಲ್ಲ, ನಾಲ್ಕನೇ ಮೂಲೆಗೆ ಬರುವಷ್ಟರಲ್ಲಿ ಮೊದಲನೇ ಮೂಲೆ ತಣ್ಣಗಾಗಿರುತ್ತಿತ್ತು.

ಬಟ್ಟೆ ಒಣಗಿಸುವ ವಿದ್ಯೆ ನಮ್ಮ ವಂಶದಲ್ಲಿ ಇರಲಿಲ್ಲ ಎಂದಲ್ಲ. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಐದು ಮಕ್ಕಳು. ಮಳೆಗಾಲದಲ್ಲಿ ಅಮ್ಮ ಸಂಜೆಯಾದರೆ ಬಾಣಲೆಗೆ ಕೆಂಡ ಹಾಕಿ, ಅದರ ಮೇಲೆ ದೊಡ್ಡ ಬಿದಿರು ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೈತುಂಬ ನಮ್ಮ ಯೂನಿಫಾರ್ಮ್ ಹರಡುತ್ತಿದ್ದಳು. ಪಕ್ಕದ ಮನೆಯ ಕನಕಮ್ಮ ತನ್ನ ಮೊಮ್ಮಗುವಿನ ಲಂಗೋಟಿಗಳನ್ನೂ ತಂದು ಸಂದಿಯಲ್ಲಿ ಸೇರಿಸಿ, “ಪಾತ್ತುಕ್ಕೋ ಕಣಮ್ಮಾ” ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಒಪ್ಪಿಸಿ ಹೋಗುತ್ತಿದ್ದಳು. ನೋಡಿಕೊಳ್ಳುವ ಕೆಲಸ ನನ್ನದು. ಒಂದು ಸಂಜೆ ನಾನು ತೂಕಡಿಸಿದೆ. ನನ್ನ ಅಂಗಿಯ ಬೆನ್ನಿನ ಮೇಲೆ ಬುಟ್ಟಿಯ ಹೆಣಿಗೆ ಪೂರ್ತಿ ಕಂದುಗೆರೆಗಳಾಗಿ ಅಚ್ಚಾಯಿತು. ಬೇರೆ ಅಂಗಿ ಇರಲಿಲ್ಲ. ಅದನ್ನೇ ಹಾಕಿಕೊಂಡು ಹೋದೆ. ಗಣಿತದ ಮೇಷ್ಟ್ರು ನನ್ನನ್ನು ತಿರುಗಿಸಿ ನಿಲ್ಲಿಸಿ, “ಯಾರಿಗಾದ್ರೂ ಗ್ರಾಫ್ ಹಾಳೆ ಸಾಲದೆ ಬಂದ್ರೆ ಇವನ ಬೆನ್ನು ಬಳಸ್ಕೊಳ್ಳಿ” ಅಂದರು. ಆ ಅಂಗಿಗೆ ಕೆಂಡದ, ಬಿದಿರಿನ, ಕನಕಮ್ಮನ ಮೊಮ್ಮಗುವಿನ ವಾಸನೆ ಒಟ್ಟಿಗೇ ಇತ್ತು. ಬೆಳಿಗ್ಗೆ ಬುಟ್ಟಿಯಿಂದ ತೆಗೆದು ಅಮ್ಮ ತಲೆಯ ಮೇಲಿಂದ ಇಳಿಸುವಾಗ, ಒಂದು ಗಳಿಗೆ ಕತ್ತಲು, ಆ ಕತ್ತಲಿನ ತುಂಬ ಬಿಸಿ. ಅದಕ್ಕಾಗಿಯೇ ನಾನು ಕೈ ತೂರಿಸಲು ಬೇಕೆಂದೇ ತಡಮಾಡುತ್ತಿದ್ದೆ.

ಇಷ್ಟೆಲ್ಲ ನೆನಪಾಯಿತು, ಆದರೆ ಗೋಪಾಳದಲ್ಲಿ ಕೆಂಡಕ್ಕೆ ಎಲ್ಲಿಗೆ ಹೋಗಲಿ? ಮಾನ ಬಿಟ್ಟು ವಸುಧಾಗೆ ಫೋನ್ ಮಾಡಿದೆ.

“ಅಕ್ಕನ ಕಣ್ಣು ಹೇಗಿದೆ?” ಎಂದು ಶುರು ಮಾಡಿದೆ.

“ಅಕ್ಕನ ಕಣ್ಣು ನೆಟ್ಟಗಿದೆ. ಡ್ರೈಯರ್‌ಗೆ ಏನಾಯ್ತು ಹೇಳಿ.”

ಜಾಲರಿ, ಹಕ್ಕಿಗೂಡು, ಕೆಂಪು ದೀಪ, ಕಾಯಿಲ್ ಎಲ್ಲ ವರದಿ ಒಪ್ಪಿಸಿದೆ. ತಗಡು ಬಿಚ್ಚಿದ್ದನ್ನು ಮಾತ್ರ ಹೇಳಲಿಲ್ಲ. ಅವಳು ಪೂರ್ತಿ ಕೇಳಿ, “ನಿನ್ನೆ ರಾತ್ರಿ ಮಲಗೋ ಮುಂಚೆ ಹಿತ್ತಲಿಗೆ ಹೋಗಿದ್ರಾ?” ಎಂದಳು.

“ಹೋಗಿದ್ದೆ.”

“ರೆಗ್ಯುಲೇಟರ್ ಆಫ್ ಮಾಡಿದ್ರಾ?”

“ಮಾಡಿದ್ದೆ. ದಿನಾ ಮಾಡ್ತೀನಲ್ಲ.”

“ದಿನಾ ಆನ್ ಮಾಡೋರು ಯಾರು?”

ಸಿಲಿಂಡರನ್ನು ತಬ್ಬಿಕೊಂಡು ಅಲ್ಲಾಡಿಸಿದವನಿಗೆ ಅದರ ನೆತ್ತಿಯ ಮೇಲೆ ಆಫ್ ಆಗಿದ್ದ ಗುಬುಟು ಕಂಡಿರಲಿಲ್ಲ.

ದಿನಾ ರಾತ್ರಿ ಹೀಗೆ ಆಫ್ ಮಾಡುವುದು ನಿಮಗೆ ಹುಚ್ಚು ಅನ್ನಿಸಬಹುದು. ಕ್ವಾರ್ಟರ್ಸಿಗೆ ಮೊದಲ ಸಲ ಗ್ಯಾಸ್ ಒಲೆ ಬಂದಾಗ ಅಮ್ಮ ಸಿಲಿಂಡರಿಗೆ ಕುಂಕುಮ ಇಟ್ಟು ಕೈಮುಗಿದಿದ್ದಳು. ಭಕ್ತಿಗಿಂತ ಭಯ ಹೆಚ್ಚು. ಅಪ್ಪನ ಖಾಕಿ ಅಂಗಿಯ ತೋಳಿನಲ್ಲಿ ಕಾರ್ಖಾನೆಯ ಕಿಡಿ ಮಾಡಿದ ತೂತುಗಳನ್ನು ದಿನಾ ಹೊಲಿಯುತ್ತಿದ್ದವಳು ಅವಳು, ಬೆಂಕಿಯನ್ನು ಸಲುಗೆಯಿಂದ ಕಾಣುವವಳಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ, “ಗ್ಯಾಸ್ ಆಫ್ ಮಾಡಿದ್ಯೇನೋ?” ಎಂದು ಕೇಳುತ್ತಿದ್ದಳು. ಹೂಂ ಅಂದರೆ ಆ ಮನೆಗೆ ನಿದ್ದೆ ಬರುತ್ತಿತ್ತು. ಅಮ್ಮ ಹೋಗಿ ಹನ್ನೆರಡು ವರ್ಷವಾಯಿತು. ಕೇಳುವವರಿಲ್ಲ, ಆದರೂ ನಾನು ಆಫ್ ಮಾಡಿ ಹೂಂ ಅನ್ನದೆ ಮಲಗಲಾರೆ. ಲಾಂಡ್ರಿ ಶುರುವಾದ ಮೇಲೆ ಮೇಲೆ ಅಡುಗೆಮನೆಯದೊಂದು, ಹಿತ್ತಲಿನದೊಂದು, ಎರಡು ಹೂಂ.

“ನಾಲ್ಕು ವರ್ಷದಿಂದ ದಿನಾ ನೀನು ಆನ್ ಮಾಡ್ತಾ ಇದ್ಯಾ?” ಎಂದೆ.

“ಬೆಳಿಗ್ಗೆ ಹೂ ಕುಯ್ಯಕ್ಕೆ ಹಿತ್ತಲಿಗೆ ಹೋಗೇ ಹೋಗ್ತೀನಿ. ಕೈ ಚಾಚಿ ತಿರುಗಿಸಿ ಬರ್ತೀನಿ. ಅದೇನು ದೊಡ್ಡ ಕೆಲ್ಸ?”

“ಒಂದು ಮಾತು ಹೇಳ್ಬಾರ್ದಾಗಿತ್ತಾ? ಬೆಳಿಗ್ಗೆ ಅಂಗಡಿ ಶುರುವಾಗ್ಬೇಕು, ಆಫ್ ಮಾಡ್ಬೇಡಿ ಅಂತ?”

“ಹೇಳಿದ್ರೆ ಬಿಟ್ಬಿಡ್ತಿದ್ರಿ. ಬಿಟ್ರೆ ನಿಮಗೆ ನಿದ್ದೆ ಬರ್ತಿರ್ಲಿಲ್ಲ.” ಆಮೇಲೆ ದನಿ ಬದಲಿಸಿ, “ಮಲ್ಲೇಶಪ್ಪೋರು ಬಂದಿದಾರಾ? ಮಾತಾಡ್ತಾ ನಿಂತಿದೀರಲ್ಲ, ಹೋಗ್ರೀ!” ಎಂದು ಫೋನಿಟ್ಟಳು.

ಈ ವಯಸ್ಸಿನಲ್ಲಿ ಹೆಂಡತಿಯ ಮೇಲೆ ಹೊಸದಾಗಿ ಪ್ರೀತಿ ಉಕ್ಕಿದರೆ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ಮಳೆಯಲ್ಲೇ ಹಿತ್ತಲಿಗೆ ಓಡಿ ರೆಗ್ಯುಲೇಟರ್ ತಿರುಗಿಸಿದೆ. ಒಳಗೆ ಬಂದು, ಮೇನ್ ಸ್ವಿಚ್ ಆರಿಸಿ ಹಚ್ಚಿ ಕೆಂಪು ದೀಪದ ಕೋಪ ಇಳಿಸಿ, ಗುಂಡಿ ಒತ್ತಿದೆ. ಕಡ್ಡಿ ಕೆಂಪಗಾಯಿತು. ಟಕ್. ಏನೂ ಇಲ್ಲ.

“ಪೈಪಲ್ಲಿ ಗಾಳಿ ಇರ್ಬೋದಲ್ವಾ ಮೇಷ್ಟ್ರೆ? ಹೊಸ ಸಿಲಿಂಡರ್ ಹಾಕಿದಾಗ ಒಲೆನೂ ತಕ್ಷಣ ಹತ್ತಲ್ಲ,” ಎಂದರು ಟೈಮ್ ಆಫೀಸಿನ ಮಲ್ಲೇಶಪ್ಪ. ವಿಜ್ಞಾನದ ಮೇಷ್ಟ್ರಿಗೆ ಇದು ಹೊಳೆದಿರಲಿಲ್ಲ.

ಎರಡನೇ ಸಲ ಟಕ್, ಏನೂ ಇಲ್ಲ. ಇಬ್ಬರೂ ಮಂಡಿಯೂರಿ, ಒಬ್ಬರ ತಲೆಗೊಬ್ಬರು ತಲೆ ತಾಗಿಸಿ ಕಿಂಡಿಯಲ್ಲಿ ಕಣ್ಣಿಟ್ಟೆವು. ಮೂರನೇ ಸಲ ಕೆಂಪಗಾಯಿತು, ಟಕ್ ಎಂದಿತು, ಭುಸ್ಸೆಂದು ನೀಲಿ ಉರಿ ಎದ್ದಿತು. ಮಲ್ಲೇಶಪ್ಪನವರು ನನ್ನ ಹೆಗಲಿಗೆ ಬಲವಾಗಿ ಗುದ್ದಿದರು. ಅವರೊಂದಿಗೆ ಆರು ತಿಂಗಳಲ್ಲಿ ಹವಾಮಾನ ಬಿಟ್ಟು ಬೇರೇನೂ ಮಾತಾಡಿರದ ನಾನು ಅವರ ಕೈ ಹಿಡಿದು ಕುಲುಕಿದೆ. ತಗಡನ್ನು ಅವಸರದಲ್ಲಿ ಮುಚ್ಚಿದಾಗಲೇ ಒಂದು ಸ್ಕ್ರೂ ಉಳಿದು ಜೇಬು ಸೇರಿದ್ದು.

ಬಟ್ಟೆ ಒಣಗುವಾಗ ಐದೂವರೆ. ಮಳೆ ಬಿಟ್ಟಿರಲಿಲ್ಲ. ಬಾಗಿಲು ತೆಗೆದ ಕೂಡಲೇ ಹಾಸು, ಹೊದಿಕೆ, ಟವೆಲು ಎಲ್ಲವನ್ನೂ ಒಂದೇ ಉಂಡೆ ಮಾಡಿದೆವು. ಮಲ್ಲೇಶಪ್ಪನವರು ತಮ್ಮ ರೈನ್‌ಕೋಟ್ ಬಿಚ್ಚಿ ಉಂಡೆಗೆ ಸುತ್ತಿದರು.

“ನಿಮಗೆ?” ಎಂದೆ.

“ನಾನೇನು ಕರಗಿ ಹೋಗ್ತೀನಾ? ನೀವು ಹಿಂದೆ ಕೂತು ಗಟ್ಟಿಯಾಗಿ ಹಿಡ್ಕೊಳ್ಳಿ.”

ಅವರ ಸ್ಕೂಟರಿನ ಹಿಂದೆ, ಬಿಸಿ ಉಂಡೆಯನ್ನು ಎದೆಗವುಚಿಕೊಂಡು, ಕೊಡೆಯನ್ನು ಅದರ ಮೇಲಷ್ಟೇ ಹಿಡಿದು ನಾನು ಕೂತೆ. ಹಂಪ್ಸ್ ಬಂದಲ್ಲೆಲ್ಲ ಕೊಡೆ ನನ್ನ ಕಿವಿಗೆ ಕುಟ್ಟುತ್ತಿತ್ತು. ಎದುರಿಗೆ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕ್ ನಿಲ್ಲಿಸಿ ಬಾಯಿಬಿಟ್ಟು ನೋಡಿದ. ನೋಡಿಕೊಳ್ಳಲಿ ಅನ್ನಿಸಿತು.

ಗಿರಿಜಮ್ಮ ಹಜಾರದ ಮಂಚದ ಮೇಲಿದ್ದರು, ಮುಖ ಗೋಡೆಯ ಕಡೆಗಿತ್ತು. ಪಕ್ಕದ ಮನೆಯಾಕೆ ನಮ್ಮನ್ನು ಕಂಡು ಎದ್ದು ಹೋದರು. ಮಲ್ಲೇಶಪ್ಪನವರು ಹೆಂಡತಿಯನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯದನ್ನು ಸುರುಳಿ ಸುತ್ತಿ, ಹೊಸದನ್ನು ಹರಡಿ, ಈ ಮಗ್ಗುಲಿಗೆ ಹೊರಳಿಸಿ ಎಳೆದರು. ನಾನು ಮೂಲೆ ಹಿಡಿದುಕೊಂಡೆ. ಬಿಸಿ ಇನ್ನೂ ಇತ್ತು, ಸ್ವಲ್ಪ. ಆಕೆಯ ಬಲಗೈ ಹಾಸಿನ ಮೇಲೆ ಒಮ್ಮೆ ಹೋಗಿ ಬಂತು. ನಾವಿಬ್ಬರೂ ಆ ಮುಖವನ್ನೇ ನೋಡುತ್ತಾ ನಿಂತೆವು.

ನಗು ಬರಲಿಲ್ಲ. ಆಕೆ ಗಂಡನನ್ನು ನೋಡುತ್ತಿದ್ದರು. ಮಲ್ಲೇಶಪ್ಪನವರ ಕೂದಲಿನಿಂದ ನೀರು ಇಳಿದು ಕಾಲರಿನೊಳಗೆ ಹೋಗುತ್ತಿತ್ತು, ತುಟಿ ಚಳಿಗೆ ಅದುರುತ್ತಿತ್ತು. ಹೊದಿಕೆಯ ಮೇಲಿದ್ದ ಬಿಸಿ ಟವೆಲನ್ನು ಆಕೆ ಬಲಗೈಯಲ್ಲಿ ಎಳೆದುಕೊಂಡರು. ತನಗೆ ಹೊದಿಸಬೇಕೇನೋ ಎಂದುಕೊಂಡು ಮಲ್ಲೇಶಪ್ಪನವರು ಬಗ್ಗಿದರು. ಟವೆಲು ಅವರ ತಲೆಯ ಮೇಲೆ ಬಿತ್ತು. ಆ ಒಂದೇ ಕೈ ಅವರ ತಲೆಯನ್ನು ಒರೆಸತೊಡಗಿತು, ಬಲವಿಲ್ಲದೆ, ನಿಧಾನವಾಗಿ.

“ನೆಗಡಿ,” ಎಂದರು ಗಿರಿಜಮ್ಮ. ಸ್ವಲ್ಪ ಹೊತ್ತು ಬಿಟ್ಟು, “ಆಗುತ್ತೆ” ಎಂದರು.

ಮಲ್ಲೇಶಪ್ಪನವರು ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಮುಖ ಟವೆಲಿನೊಳಗಿತ್ತು. ಭುಜಗಳು ಮಾತ್ರ ಅಲುಗುತ್ತಿದ್ದವು. ಗಿರಿಜಮ್ಮ ಒಂದು ಕಡೆ ಒರೆಸಿ ಮುಗಿಸಿ, ಕಿವಿ ಹಿಡಿದು ಆ ತಲೆಯನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡರು.